ಹದಿನಾಲ್ಕು ಸಲ ‘ಇತರೆ’

ದಾವಣಗೆರೆಯಲ್ಲಿ ನಾವು ಎಂಟು ಜನ ಸ್ನೇಹಿತರು ಸಂಬಳದಲ್ಲಿ ಒಂದು ಪಾಲು ತೆಗೆದಿಟ್ಟು ಬಡ ಮಕ್ಕಳ ಹಾಸ್ಟೆಲ್, ಪರೀಕ್ಷೆ ಫೀಸು ಕಟ್ಟುತ್ತೇವೆ. ಲೆಕ್ಕದ ಪುಸ್ತಕ ಮೊದಲಿನಿಂದಲೂ ನನ್ನ ಹತ್ತಿರ. ದುಡ್ಡು ಕೂಡಿಸುವುದು ಅಷ್ಟು ಕಷ್ಟವಾಗಲಿಲ್ಲ. ‘ನಮ್ಮವರು’ ಅಂದರೆ ಯಾರು ಅಂತ ತೀರ್ಮಾನಿಸುವುದೇ ಕಷ್ಟವಾಯಿತು.

ಆದಾಯದ ಶೇ. 10 ಕೊಟ್ಟವರು ಸದಸ್ಯರು ಎಂದು ಮೊದಲು ನಿಯಮ ಮಾಡಿದವನು ನಾನೇ. 2009ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಶುರುವಾದ ‘ಗಿವಿಂಗ್ ವಾಟ್ ವಿ ಕ್ಯಾನ್’ ಎಂಬ ದಾನಿಗಳ ಸಂಘದ ಬಗ್ಗೆ ಓದಿದ್ದೆ. ಅಲ್ಲಿ ಸೇರುವವರು ನಿವೃತ್ತಿಯವರೆಗೆ ಕನಿಷ್ಠ ಶೇ. 10 ಕೊಡುವುದಾಗಿ ಮಾತು ಕೊಡುತ್ತಾರೆ. ಸ್ವಲ್ಪ ದಿನ ಕೊಟ್ಟು ನೋಡುತ್ತೇವೆ ಅನ್ನುವವರಿಗೆ ಶೇ. 1ರ ದಾರಿಯೂ ಇದೆ. ಆ ಎರಡನೆಯದನ್ನು ನಾನು ಬಿಟ್ಟೇಬಿಟ್ಟಿದ್ದೆ.

ನಮ್ಮಲ್ಲೊಬ್ಬ ಮುಸ್ಲಿಂ ಸ್ನೇಹಿತ, "ನಾನು ಕೊಡೋ ಝಕಾತ್ ಇದರಲ್ಲಿ ಸೇರುತ್ತಾ?" ಎಂದು ಕೇಳಿದ. ಝಕಾತ್ ಅಂದರೆ ಇಸ್ಲಾಂನಲ್ಲಿ ಕಡ್ಡಾಯವಾದ ದಾನ, ಅದರ ಲೆಕ್ಕವೇ ಬೇರೆ. ವರ್ಷವಿಡೀ ಕೈಯಲ್ಲಿ ಉಳಿದ ಹಣ, ಬಂಗಾರದ ಮೇಲೆ ಶೇ. 2.5, ಅದೂ ಇಂತಿಷ್ಟು ಇದ್ದವರಿಗೆ ಮಾತ್ರ. ಯಾರಿಗೆ ಸಲ್ಲಬೇಕು ಅನ್ನುವುದೂ ನಿಗದಿಯಾಗಿದೆ. ನಾವು ಅದನ್ನು ಎಣಿಸಿದೆವು. ಇಲ್ಲದವರ ಕೈಗೆ ಹೋಗಿದೆ ಅಲ್ವಾ, ನಮ್ಮ ಪೆಟ್ಟಿಗೆಯಿಂದಲೇ ಹೋಗಬೇಕು ಅನ್ನುವುದು ಸುಮ್ನೆ ಜಂಬ.

ಆದರೆ ನನ್ನನ್ನು ನಿಜವಾಗಿ ತಡೆದು ನಿಲ್ಲಿಸಿದ್ದು ಒಬ್ಬ ಅಂಗನವಾಡಿ ಸಹಾಯಕಿ. ಅವರ ಮಗಳ ಪಿಯು ಫೀಸು ನಾವು ಕಟ್ಟಿದ್ದೆವು. ಆಮೇಲೆ ಪ್ರತಿ ತಿಂಗಳು ಬಂದು, ಸೆರಗಿನ ಗಂಟು ಬಿಚ್ಚಿ ನಾಲ್ಕು ಮಡಿಕೆಯ ಐವತ್ತರ ನೋಟು ಕೊಡುತ್ತಿದ್ದರು. ಒಂದು ದಿನ ನಾನು ಬರೆಯುವುದನ್ನೇ ನೋಡುತ್ತಾ, "ಅಣ್ಣಾ, ನನ್ನ ಹೆಸರು ಎಲ್ಲಿ ಬರೀತೀರಿ?" ಎಂದರು. ಪುಸ್ತಕದ ಮುಂದೆ ಸದಸ್ಯರ ಪಟ್ಟಿ, ಹಿಂದೆ ನೆರವು ಪಡೆದವರ ಪಟ್ಟಿ. ಅವರ ಹೆಸರಿದ್ದದ್ದು ಹಿಂದೆ. ಅವರ ಐವತ್ತು ರೂಪಾಯಿಯನ್ನು ನಾನು ‘ಇತರೆ’ ಎಂದು ಜಮಾ ಮಾಡುತ್ತಿದ್ದೆ. ಪುಟ ತಿರುಗಿಸಿ ಎಣಿಸಿದೆ. ಹದಿನಾಲ್ಕು ಸಲ.

ರಾತ್ರಿ ಅಜ್ಜಿ ನೆನಪಾದಳು. ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿ ತೆಗೆದು ಗಡಿಗೆಗೆ ಹಾಕುತ್ತಿದ್ದಳು. ಅದು ಮಠದ ಹುಡುಗರ ಊಟಕ್ಕೆ, ಮುಷ್ಟಿ ಅಕ್ಕಿ. ಮನೆಯಲ್ಲಿ ಕಡಿಮೆ ಇದ್ದ ದಿನ ಹಿಡಿ ಚಿಕ್ಕದಾಗುತ್ತಿತ್ತು, ತಪ್ಪುತ್ತಿರಲಿಲ್ಲ. ಒಯ್ಯಲು ಬಂದವರು ಯಾವತ್ತೂ ಅಳೆದು ನೋಡಲಿಲ್ಲ.

ಮುಂದಿನ ಸಭೆಯಲ್ಲಿ ನಿಯಮ ಬದಲಾಯಿಸಿದೆವು. ತಾನೇ ಒಪ್ಪಿಕೊಂಡಷ್ಟನ್ನು ತಪ್ಪದೆ ಕೊಡುವವರು ಸದಸ್ಯರು. ನೆರವು ಪಡೆದಿದ್ದರೂ ಸರಿ. ಭಾನುವಾರ ಮಕ್ಕಳಿಗೆ ಲೆಕ್ಕ ಹೇಳಿಕೊಡುವ ಮೇಷ್ಟ್ರೂ ಸದಸ್ಯರೇ. ಒಮ್ಮೆಗೇ ದೊಡ್ಡ ಮೊತ್ತ ಕೊಟ್ಟು ಹೋದವರಿಗೆ ರಸೀದಿ, ಮನಸಾರೆ ನಮಸ್ಕಾರ. ಆದರೆ ದುಡ್ಡು ಯಾರಿಗೆ ಅನ್ನುವ ಮಾತಿನಲ್ಲಿ ಅವರಿಗೆ ಪಾಲಿಲ್ಲ. ಒಬ್ಬರು ಮುನಿಸಿಕೊಂಡು ದೂರವಾದರು, ಬೇಜಾರಾಯಿತು. ತನ್ನ ಮನೆಯವರ ಅರ್ಜಿ ಬಂದಾಗ ಸದಸ್ಯರು ಎದ್ದು ಹೊರಗೆ ಕೂರಬೇಕು. ಇದೊಂದನ್ನು ಸಡಿಲಿಸಿಲ್ಲ.

ಆ ಜೂನ್‌ನಲ್ಲಿ ಅರ್ಜಿ ನೋಡಲು ಅಂಗನವಾಡಿಯ ಆ ಅಕ್ಕನೂ ಕೂತಿದ್ದರು. ಒಬ್ಬ ಹುಡುಗನ ಅರ್ಜಿ ಓದಿದಾಗ, "ಇವನಿಗೆ ಮೊದಲು ಬಸ್ ಪಾಸ್ ಮಾಡಿಸಿ, ಅಣ್ಣಾ. ದಿನಾ ನಡಕೊಂಡೇ ಬರ್ತಾನೆ" ಎಂದರು. ನಮ್ಮ ಎಂಟು ಜನರಲ್ಲಿ ಒಬ್ಬರಿಗೂ ಅದು ಗೊತ್ತಿರಲಿಲ್ಲ. ಮರುದಿನವೇ ಪಾಸ್ ಮಾಡಿಸಿದೆವು.