ನೋಟ್ಸ್ ಹಂಚೋದು ಬಿಟ್ಟು ಉತ್ತರ ಪತ್ರಿಕೆ ಬದಲಾಯಿಸಿಕೊಂಡ್ವಿ: ನಮ್ಮ ಎಲ್‌ಎಲ್‌ಬಿ ಗುಂಪಿನ ಅನುಭವ

ಲಾ ಕಾಲೇಜಲ್ಲಿ ಗ್ರೂಪ್ ಸ್ಟಡಿ ಎರಡು ವಾರ ನಡೆಯುತ್ತೆ, ಆಮೇಲೆ ಹರಟೆ ಆಗುತ್ತೆ, ಚೆನ್ನಾಗಿ ಓದೋರು ಮೆಲ್ಲಗೆ ಜಾಗ ಖಾಲಿ ಮಾಡ್ತಾರೆ ಅಂತ ಸೀನಿಯರ್ಸ್ ಎಲ್ಲಾ ಹೇಳಿದ್ರು. ನಮ್ಮದು ಐದು ಸೆಮಿಸ್ಟರ್ ನಡೀತು. ಕೊನೇ ಪರೀಕ್ಷೆ ಹೊತ್ತಿಗೆ ಗುಂಪಲ್ಲಿದ್ದ ಇಪ್ಪತ್ತರ ಹತ್ರ ಜನದಲ್ಲಿ ಬ್ಯಾಕ್‌ಲಾಗ್ ಉಳಿದಿದ್ದು ಒಬ್ರೋ ಇಬ್ರೋ. ಅದಕ್ಕೇ ಇದನ್ನ ಬರೀತಿದೀನಿ.

ಸಣ್ಣ ಕಾಲೇಜು, ಬ್ಯಾಚಲ್ಲಿ ಒಂದು ನಲವತ್ತು ಜನ. ಆಗಷ್ಟೇ ಬಿಕಾಂ ಮುಗಿಸಿದ ಹುಡುಗರು, ಬ್ಯಾಂಕಿಂದ ರಿಟೈರ್ ಆಗಿ ಬಂದ ಒಬ್ರು ಸಾರ್, ಮಕ್ಕಳನ್ನ ಸ್ಕೂಲಿಗೆ ಬಿಟ್ಟು ಕ್ಲಾಸಿಗೆ ಬರ್ತಿದ್ದ ಒಬ್ರು ಅಕ್ಕ, ಅರ್ಧಕ್ಕರ್ಧ ಜನ ಕನ್ನಡದಲ್ಲೇ ಪರೀಕ್ಷೆ ಬರೆಯೋರು. ಒಬ್ಬೊಬ್ಬರದು ಒಂದೊಂದು ದಾರಿ, 70% ಹಾಜರಿ ರೂಲ್ ಒಂದೇ ಎಲ್ಲರನ್ನೂ ಒಂದೇ ರೂಮಲ್ಲಿ ಕೂರಿಸ್ತಿತ್ತು.

ಮೊದಲನೇ ಸೆಮ್‌ನಲ್ಲಿ ಎಲ್ಲರೂ ಮಾಡೋದನ್ನೇ ಮಾಡಿದ್ವಿ, ವಾಟ್ಸಾಪ್ ಗ್ರೂಪು, ಡ್ರೈವ್ ಫೋಲ್ಡರು. ತಿಂಗಳಲ್ಲಿ ನೂರಾರು ಪಿಡಿಎಫ್ ಬಿದ್ವು, ಒಂದೇ ಗೈಡಿನ ಅದೇ ಚಾಪ್ಟರ್ ಮೂರ್ಮೂರು ಸಲ, ತೆಗೆದು ಓದಿದೋರು ಯಾರೂ ಇಲ್ಲ. ಆಮೇಲೆ ಸಬ್ಜೆಕ್ಟ್ ಹಂಚಿಕೊಂಡು ಒಬ್ಬೊಬ್ರು ಒಂದೊಂದಕ್ಕೆ ನೋಟ್ಸ್ ಬರೀಬೇಕು ಅಂತ ಮಾಡಿದ್ವಿ, ಬರೆದವರಿಗೆ ಮಾತ್ರ ವಿಷಯ ಬಂತು, ಉಳಿದೋರು ಪರೀಕ್ಷೆ ಹಿಂದಿನ ರಾತ್ರಿ ಬೇರೆಯವರ ಕೈಬರಹ ಓದೋಕೆ ಒದ್ದಾಡಿದ್ರು. ಆಸ್ತಿ ವರ್ಗಾವಣೆ ಕಾಯ್ದೆ ನೋಟ್ಸಂತೂ ಅಡಮಾನದವರೆಗೆ ಬಂದು ನಿಂತೋಯ್ತು, ಬರೀತಿದ್ದ ಹುಡುಗ ಕಾಲೇಜೇ ಬಿಟ್ಟಿದ್ದ.

ದುಡ್ಡಿನ ವಿಷ್ಯ ಇನ್ನೂ ಕಷ್ಟ. ತಲೆಗೆ ತಿಂಗಳಿಗೆ ನೂರು ರೂಪಾಯಿ ಫಂಡ್ ಅಂತ ಮಾಡಿದ್ವಿ, ಎರಡನೇ ತಿಂಗಳಿಗೇ ಅರ್ಧ ಜನ ಕೊಡಲಿಲ್ಲ, ಜೆರಾಕ್ಸ್ ಅಂಗಡಿ ಬಾಕಿ ಒಂದೂವರೆ ಸಾವಿರ ದಾಟ್ತು, ಯಾರು ಎಷ್ಟು ಕೊಟ್ರು ಅಂತ ಲೆಕ್ಕ ಇಡೋರಿಗೇ ಬೈಗುಳ. ಕೊನೆಗೆ ಬ್ಯಾಂಕ್ ಸಾರೇ ದಾರಿ ತೋರಿಸಿದ್ರು: ನಗದು ವ್ಯವಹಾರವೇ ಬೇಡ, ಸೆಮ್ ಶುರುವಲ್ಲಿ ಒಬ್ಬೊಬ್ರು ಒಂದು ದೊಡ್ಡ ಪುಸ್ತಕ ಕೊಳ್ಳಿ, ಅದು ನಿಮ್ಮದೇ, ಓದೋಕೆ ಎಲ್ಲರಿಗೂ ಕೊಡಿ, ಸೆಮ್ ಮುಗಿದ್ಮೇಲೆ ಜೂನಿಯರ್ಸ್‌ಗೆ ಅರ್ಧ ಬೆಲೆಗೆ ಮಾರಿ. ಸೆಮ್‌ಗೆ ಮೂರು ಸಾವಿರದ ಹತ್ರ ಆಗ್ತಿದ್ದ ಖರ್ಚು ಎಂಟುನೂರು ಒಂಬೈನೂರಕ್ಕೆ ಇಳೀತು. ಬೇರ್ ಆಕ್ಟ್ (ವಿವರಣೆ ಇಲ್ಲದೆ ಕಾಯ್ದೆಯ ಮೂಲ ಪಠ್ಯ ಇರೋ ಪುಸ್ತಕ) ಮಾತ್ರ ಪ್ರತಿಯೊಬ್ಬರ ಹತ್ರನೂ ಸ್ವಂತದ್ದು ಇರಲೇಬೇಕು, ಅದರಲ್ಲಿ ಉಳಿತಾಯ ಮಾಡೋಕೆ ಹೋಗಬೇಡಿ.

ಓದೋ ವಿಧಾನ ಕೂಡಿಬಂದಿದ್ದು ಎರಡನೇ ಸೆಮ್‌ನಲ್ಲಿ. ಶನಿವಾರ ಕ್ಲಾಸ್ ಮುಗಿದ್ಮೇಲೆ ಒಂದೇ ಒಂದು ಪ್ರಾಬ್ಲಮ್ ಪ್ರಶ್ನೆ (ಒಂದು ಘಟನೆ ಕೊಟ್ಟು ಕಾನೂನು ಏನು ಹೇಳುತ್ತೆ ಅಂತ ಕೇಳೋದು), ಇಪ್ಪತ್ತೈದು ನಿಮಿಷ, ಕೈಯಲ್ಲಿ ಬರೀಬೇಕು, ಬರೆದ್ಮೇಲೆ ಹಾಳೆ ಬದಲಾಯಿಸಿಕೊಳ್ಳಬೇಕು. ತಿದ್ದೋರು ಎರಡೇ ನೋಡೋದು, ವಿವಾದದ ಅಂಶ ಯಾವ ಸಾಲಲ್ಲಿದೆ, ಯಾವ ಸೆಕ್ಷನ್ ಬಿಟ್ಟೋಗಿದೆ. ಆಮೇಲೆ ಆ ಉತ್ತರವನ್ನ ಎದ್ದು ನಿಂತು ಸಮರ್ಥಿಸಬೇಕಾದೋರು ತಿದ್ದಿದೋರು, ಬರೆದೋರಲ್ಲ. ಇಲ್ಲೇ ಇಡೀ ಗುಂಪು ಬದಲಾಗಿದ್ದು, ಯಾಕಂದ್ರೆ ಬೇರೆಯವರ ಉತ್ತರ ನಮ್ಮ ಬಾಯಲ್ಲಿ ಬರಬೇಕು ಅಂದ್ರೆ ಅದನ್ನ ಸರಿಯಾಗಿ ಓದಲೇಬೇಕು.

ಒಂದು ಹಾಳೆ ನಂಗಿನ್ನೂ ಜ್ಞಾಪಕ ಇದೆ. ಹದಿನೇಳರ ಹುಡುಗ ವಯಸ್ಸು ಸುಳ್ಳು ಹೇಳಿ ಸಾಲ ತಗೊಂಡಿದಾನೆ, ಕೊಟ್ಟೋನಿಗೆ ದುಡ್ಡು ವಾಪಸ್ ಬರುತ್ತಾ ಅಂತ ಪ್ರಶ್ನೆ. ಅಕ್ಕ 1903ರ ಮೊಹೊರಿ ಬೀಬಿ ಕೇಸಿನ ಕಥೆ ಒಂದೂವರೆ ಪುಟ ಅಚ್ಚುಕಟ್ಟಾಗಿ ಬರೆದಿದ್ರು, ಸಾಲ ಕೊಟ್ಟೋರ ಏಜೆಂಟಿಗೆ ಹುಡುಗ ಅಪ್ರಾಪ್ತ ಅಂತ ಗೊತ್ತಿತ್ತು ಅನ್ನೋದೂ ಇತ್ತು, ಆದ್ರೆ ಅಪ್ರಾಪ್ತರು ಕರಾರು ಮಾಡೋಕೆ ಅರ್ಹರಲ್ಲ ಅನ್ನೋ ಕರಾರು ಕಾಯ್ದೆ 11ನೇ ಸೆಕ್ಷನ್ ಎಲ್ಲೂ ಇಲ್ಲ, ದುಡ್ಡಿನ ಪ್ರಶ್ನೆಗೆ ಉತ್ತರವೂ ಇಲ್ಲ. ತಿದ್ದಿದ ಹುಡುಗಿ ಇಂಗ್ಲಿಷಲ್ಲಿ ಬರೆಯೋಳು, "ಅಕ್ಕಾ, ಕಥೆ ನಾಲ್ಕು ಸಾಲು ಸಾಕು, ಮೊದಲನೇ ಸಾಲಲ್ಲೇ ಪ್ರಶ್ನೆ ಹಾಕಿ" ಅಂದ್ಲು. ಮುಂದಿನ ವಾರದಿಂದ ಅಕ್ಕನ ಉತ್ತರದ ದಾರಿಯೇ ಬೇರೆ ಆಯ್ತು, ಆ ಹುಡುಗಿ ಅಕ್ಕನ ಹತ್ರ ಕನ್ನಡದ ಕಾನೂನು ಪದಗಳನ್ನ ಕಲಿತ್ಲು, ಈಗ ಟ್ರಯಲ್ ಕೋರ್ಟಲ್ಲಿ ಕೆಲಸ ಮಾಡ್ತಾಳೆ, ಅವಳಿಗೆ ಅದು ದಿನಾ ಬೇಕು.

2024ರ ಜುಲೈ 1ರಿಂದ ಹೊಸ ಕ್ರಿಮಿನಲ್ ಕಾಯ್ದೆಗಳು (ಅಪರಾಧ, ಶಿಕ್ಷೆ ಹೇಳೋ ಐಪಿಸಿ ಜಾಗಕ್ಕೆ ಬಿಎನ್‌ಎಸ್, ಕ್ರಿಮಿನಲ್ ಕೇಸ್ ನಡೆಸೋ ವಿಧಾನ ಹೇಳೋ ಸಿಆರ್‌ಪಿಸಿ ಜಾಗಕ್ಕೆ ಬಿಎನ್‌ಎಸ್‌ಎಸ್) ಜಾರಿಗೆ ಬಂದಾಗ ನಮ್ಮ ಬೆಲೆ ಎಲ್ಲರಿಗೂ ಗೊತ್ತಾಯ್ತು. ಸೀನಿಯರ್ಸ್ ಕೊಟ್ಟ ಐಪಿಸಿ, ಸಿಆರ್‌ಪಿಸಿ ನೋಟ್ಸ್ ನಂಬಿ ಕೂತೋರು ಪರದಾಡಿದ್ರು. ಕೊಲೆಗೆ ಶಿಕ್ಷೆ 302 ಹೋಗಿ ಬಿಎನ್‌ಎಸ್ 103 ಅಂತ ಎಲ್ಲರೂ ಬೇಗ ಕಲೀತಾರೆ, ಅಪಾಯ ಇರೋದು ನಂಬರ್ ಅದೇ ಇದ್ದು ಒಳಗಿನ ವಿಷ್ಯ ಬೇರೆ ಆಗಿರೋ ಕಡೆ. ಸಿಆರ್‌ಪಿಸಿ 482 ಹೈಕೋರ್ಟಿನ ಅಂತರ್ಗತ ಅಧಿಕಾರ, ಬಿಎನ್‌ಎಸ್‌ಎಸ್ 482 ನಿರೀಕ್ಷಣಾ ಜಾಮೀನು. ಐಪಿಸಿ 304 ಕೊಲೆಯಲ್ಲದ ನರಹತ್ಯೆಗೆ ಶಿಕ್ಷೆ, ಬಿಎನ್‌ಎಸ್ 304 ಕಸಿದುಕೊಂಡು ಓಡೋದು. ನಾವು ಇಂಥ ನಂಬರ್‌ಗಳನ್ನಷ್ಟೇ ಹೆಕ್ಕಿ ಒಂದು ಪಟ್ಟಿ ಮಾಡಿದ್ವಿ, ಅದನ್ನ ಬೇರೆ ಕಾಲೇಜಿನೋರೂ ಕೇಳಿ ತಗೊಂಡೋದ್ರು. ಜುಲೈಗಿಂತ ಮುಂಚೆ ನಡೆದ ಅಪರಾಧಕ್ಕೆ ಐಪಿಸಿನೇ ಅನ್ವಯ, ಹಂಗಾಗಿ ಹಳೇದನ್ನ ಬಿಸಾಕೋ ಹಾಗೂ ಇಲ್ಲ.

ಮಧ್ಯೆ ಮೂಟ್ ಕೋರ್ಟಲ್ಲೂ (ಕಾಲೇಜಲ್ಲಿ ನಡೆಸೋ ಅಣಕು ನ್ಯಾಯಾಲಯ) ಒಂದು ಪ್ರಯೋಗ ಮಾಡಿದ್ವಿ, ವಾದಕ್ಕೆ ಹಿಂದಿನ ದಿನ ಅರ್ಜಿದಾರರು ಪ್ರತಿವಾದಿಗಳಾಗಬೇಕು ಅಂತ. ಬಾಯಿವಾದ ಬಹಳ ಚುರುಕಾಯ್ತು, ಮೆಮೋರಿಯಲ್ (ಬರೆದು ಕೊಡೋ ವಾದ) ಮಾತ್ರ ಕೆಟ್ಟೋಯ್ತು, ಮೂರು ಮೂಟಿಗೂ ಹತ್ತತ್ತು ಅಂಕ ಇರೋವಾಗ ಅದು ದುಬಾರಿ, ಒಂದೇ ಸಲಕ್ಕೆ ನಿಲ್ಲಿಸಿದ್ವಿ. ಟ್ರಯಲ್ ನೋಡೋಕೆ ಗುಂಪಾಗಿ ಹೋಗಿದ್ದು ಲಾಭ ಆಯ್ತು, ಒಬ್ರು ಮುಖ್ಯ ವಿಚಾರಣೆ ಬರ್ಕೊಂಡ್ರೆ ಇನ್ನೊಬ್ರು ಪಾಟೀ ಸವಾಲು.

ಯಾರ ಹಾಳೆ ಯಾರ ಕೈಗೆ ಹೋಗಬೇಕು ಅಂತ ಜೋಡಿ ಹಾಕೋ ಲೆಕ್ಕ ಇಲ್ಲಿ ಬರೆಯಲ್ಲ, ಅದನ್ನ ಜೂನಿಯರ್ಸ್‌ಗೆ ಮಾತ್ರ ಕೊಟ್ಟಿದೀವಿ. ಶುರು ಮಾಡೋರು ಆರೇಳು ಜನ ಸಾಕು, ಕಾಂಟ್ರಾಕ್ಟಿಂದ ಶುರು ಮಾಡಿ, ಜೂರಿಸ್‌ಪ್ರುಡೆನ್ಸಿಗೆ (ಕಾನೂನಿನ ತತ್ವಶಾಸ್ತ್ರ) ಇದು ಕೆಲಸ ಮಾಡಲ್ಲ, ಅಲ್ಲಿ ಬಿಡಿಸೋಕೆ ಪ್ರಾಬ್ಲಮ್ಮೇ ಇರಲ್ಲ, ಅದನ್ನ ಒಬ್ಬೊಬ್ರೇ ಓದ್ಕೊಳ್ಳಿ.