ಕೇಸ್ ಶೀಟ್‌ನಲ್ಲಿ ‘ಪುರುಷ’ ಎಂದಿತ್ತು

ಅವತ್ತು ನನ್ನದು ರಾತ್ರಿ ಡ್ಯೂಟಿ. ಗಡ್ಡ ಬಿಟ್ಟ ಯುವಕರೊಬ್ಬರು ಹೊಟ್ಟೆ ಹಿಡಿದುಕೊಂಡು ಎಮರ್ಜೆನ್ಸಿಗೆ ಬಂದರು. ಬಲಗಡೆ ಕೆಳಹೊಟ್ಟೆ ನೋವು, ಜೊತೆಗೆ ತಲೆಸುತ್ತು. ಕೇಸ್ ಶೀಟ್‌ನಲ್ಲಿ ‘ಪುರುಷ’ ಎಂದಿತ್ತು. ಅಪೆಂಡಿಕ್ಸೇ ಇರಬೇಕು ಎಂದುಕೊಂಡು ಸರ್ಜನ್‌ಗೆ ಫೋನ್ ಮಾಡಿದೆ.

ಯಾವ ಔಷಧಿ ತಗೋತಿದ್ದೀರಿ ಎಂದು ಕೇಳಿದ್ದು ನಾನಲ್ಲ, ನರ್ಸ್. ಟೆಸ್ಟೋಸ್ಟಿರಾನ್ (ಗಂಡು ಹಾರ್ಮೋನು) ಇಂಜೆಕ್ಷನ್ ಎಂದರು, ಮೆಲ್ಲಗೆ. ಆಗ ಪರದೆ ಎಳೆದು ಪಕ್ಕದಲ್ಲಿ ಕೂತೆ. ಅವರು ಟ್ರಾನ್ಸ್ ಪುರುಷ, ಅಂದರೆ ಹುಟ್ಟಿದಾಗ ಹೆಣ್ಣು ಎಂದು ದಾಖಲಾಗಿದ್ದರೂ ತಾನು ಗಂಡು ಎಂದು ಗುರುತಿಸಿಕೊಂಡವರು. ಗರ್ಭಕೋಶ, ಅಂಡಾಶಯ ಎರಡೂ ಇದ್ದವು. ಪ್ರೆಗ್ನೆನ್ಸಿ ಟೆಸ್ಟ್ ಪಾಸಿಟಿವ್ ಬಂತು. ಸ್ಕ್ಯಾನ್ ಮಾಡಿದರೆ ಗರ್ಭ ಗರ್ಭಕೋಶದ ಬದಲು ಅಂಡನಾಳದಲ್ಲಿ ಕೂತಿತ್ತು, ಒಳಗೆ ರಕ್ತ ಸೋರುತ್ತಿತ್ತು. ಆಪರೇಷನ್ ಆಯಿತು, ಉಳಿದುಕೊಂಡರು. ನಾನು ಹಾಳು ಮಾಡಿದ್ದು ನಲವತ್ತು ನಿಮಿಷ.

ಟೆಸ್ಟೋಸ್ಟಿರಾನ್ ಮುಟ್ಟು ನಿಲ್ಲಿಸಬಹುದು, ಆದರೆ ಗರ್ಭ ನಿಲ್ಲುವುದನ್ನು ಖಂಡಿತ ತಡೆಯುತ್ತದೆ ಎನ್ನುವಂತಿಲ್ಲ. ಇದನ್ನು ನಾನು ಓದಿರಲಿಲ್ಲವೇ? ಓದಿದ್ದೆ. 2019ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇಂಥದ್ದೇ ಒಂದು ಕೇಸ್ ಬಂದಿತ್ತು. ಹೊಟ್ಟೆನೋವು ಎಂದು ಬಂದ ಟ್ರಾನ್ಸ್ ಪುರುಷನನ್ನು ಅರ್ಜೆಂಟ್ ಅಲ್ಲ ಎಂದು ಕಾಯಿಸಿದ್ದರು. ಮಗು ಹೊಟ್ಟೆಯಲ್ಲೇ ಸತ್ತಿತ್ತು.

ಅಲ್ಲಿಂದಾಚೆ ನಾನು ಕೇಳುವ ರೀತಿ ಬದಲಾಯಿಸಿಕೊಂಡೆ. ಮೊದಲು, ‘ನಿಮ್ಮನ್ನ ಏನಂತ ಕರೀಲಿ?’ ಕನ್ನಡದಲ್ಲಿ ನಮಗೊಂದು ಅನುಕೂಲ ಇದೆ. ‘ಅವರು’ ಎಂದರೆ ಮರ್ಯಾದೆಯೂ ಉಳಿಯುತ್ತದೆ, ಗಂಡೋ ಹೆಣ್ಣೋ ಎಂಬ ಪ್ರಶ್ನೆಯೂ ಬರುವುದಿಲ್ಲ. ಆದರೂ ಬೆನ್ನ ಹಿಂದೆ ‘ಅದು ಬಂದಿದೆ ನೋಡಿ’ ಎನ್ನುವುದನ್ನು ನನ್ನ ಕಿವಿಯಾರೆ ಕೇಳಿದ್ದೇನೆ. ಪರದೆ ಬಟ್ಟೆಯದು, ಮಾತು ಒಳಗೂ ಕೇಳುತ್ತದೆ.

ಆಮೇಲೆ ದೇಹದ ವಿಷಯ, ಕಾರಣ ಹೇಳಿಯೇ: ‘ಈ ನೋವು ಎಲ್ಲಿಂದ ಅಂತ ಹುಡುಕಬೇಕು, ಅದಕ್ಕೆ ಕೇಳ್ತಿದ್ದೀನಿ. ಗರ್ಭಕೋಶ ಇದೆಯಾ? ಆಪರೇಷನ್ ಏನಾದ್ರೂ ಆಗಿದೆಯಾ?’ ಹೀಗೆ ಕೇಳಿದರೆ ಹೆಚ್ಚಿನವರು ಸಲೀಸಾಗಿ ಹೇಳುತ್ತಾರೆ. ಬೇಜಾರು ಮಾಡಿಕೊಳ್ಳುತ್ತಾರೆ ಎಂಬ ಭಯ ನಮ್ಮದೇ ಜಾಸ್ತಿ. 2017ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಲೈಂಗಿಕ ಒಲವಿನ ಬಗ್ಗೆ ಕೇಳಿದರೆ ರೋಗಿಗಳು ಉತ್ತರಿಸುವುದಿಲ್ಲ ಎಂದುಕೊಂಡ ಚಿಕಿತ್ಸಕರು ಸುಮಾರು ಶೇ. 78. ಉತ್ತರಿಸುವುದಿಲ್ಲ ಎಂದ ರೋಗಿಗಳು ಶೇ. 10 ಮಾತ್ರ.

ಇದರ ಇನ್ನೊಂದು ಮಗ್ಗುಲೂ ಇದೆ. ಮಣಿಕಟ್ಟು ಮುರಿದುಕೊಂಡು ಬಂದ ಟ್ರಾನ್ಸ್ ಮಹಿಳೆಗೆ ‘ಕೆಳಗೆ ಆಪರೇಷನ್ ಆಗಿದೆಯಾ’ ಎಂದು ಜೂನಿಯರ್ ಒಬ್ಬರು ಕೇಳಿದರು. ಕೈಗೂ ಅದಕ್ಕೂ ಏನು ಸಂಬಂಧ? ಸುಮ್ನೆ ಕುತೂಹಲ. ಉತ್ತರದಿಂದ ಚಿಕಿತ್ಸೆ ಬದಲಾಗದಿದ್ದರೆ ಆ ಪ್ರಶ್ನೆ ಬೇಡ ಎಂದೆ. ಅದೇ ಮಹಿಳೆ ಮೂತ್ರ ಕಟ್ಟಿಕೊಂಡು ಬಂದಿದ್ದರೆ ನಾನೇ ಕೇಳುತ್ತಿದ್ದೆ. ಆ ಆಪರೇಷನ್ ಆದಮೇಲೂ ಸಾಮಾನ್ಯವಾಗಿ ಪ್ರಾಸ್ಟೇಟ್ (ಮೂತ್ರಕೋಶದ ಕೆಳಗಿನ ಗ್ರಂಥಿ) ಒಳಗೇ ಇರುತ್ತದೆ, ಮೂತ್ರನಾಳ ಮೊದಲಿನಂತೆ ಇರುವುದಿಲ್ಲ. ಕ್ಯಾಥೆಟರ್ (ಮೂತ್ರದ ನಳಿಕೆ) ಹೋಗದಿದ್ದರೆ ಬಲವಂತ ಮಾಡದೆ ಯೂರಾಲಜಿಯವರನ್ನು ಕರೆಸುತ್ತೇನೆ.

ಔಷಧಿ ಪಟ್ಟಿಯನ್ನು ಈಗ ನಾನೇ ಕೂತು ಬರೆದುಕೊಳ್ಳುತ್ತೇನೆ. ಈಸ್ಟ್ರೋಜೆನ್ (ಹೆಣ್ಣು ಹಾರ್ಮೋನು) ತಗೊಳ್ಳುವವರಿಗೆ ಉಸಿರು ಕಟ್ಟಿದರೆ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದೆಯಾ ಎಂದು ನೋಡಬೇಕು. ಗಂಡು ಹಾರ್ಮೋನನ್ನು ತಡೆಯುವ ಸ್ಪೈರೊನೊಲ್ಯಾಕ್ಟೋನ್ ಇದ್ದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿರಬಹುದು. ಎದೆನೋವು ಎಂದವರು ಕೆಲವೊಮ್ಮೆ ಎದೆ ಚಪ್ಪಟೆಯಾಗಿ ಕಾಣಲು ಬೈಂಡರ್ ಎಂಬ ಬಿಗಿಯಾದ ಪಟ್ಟಿ ಕಟ್ಟಿಕೊಂಡಿರುತ್ತಾರೆ. ಇಸಿಜಿಗೆ ಅದನ್ನು ಬಿಚ್ಚಲೇಬೇಕು, ಆದರೆ ಮೊದಲು ಹೊದೆಯಲು ಬಟ್ಟೆ ಕೊಟ್ಟು, ಅವರ ಕೈಯಲ್ಲೇ ಬಿಚ್ಚಿಸುತ್ತೇನೆ.

ಇನ್ನೂ ಒಂದು ಪ್ರಶ್ನೆ ಕೇಳುವುದನ್ನು ಬಿಟ್ಟಿದ್ದೇನೆ. ರೋಗಿಯ ಜೊತೆ ಬಂದವರನ್ನು ತೋರಿಸಿ ‘ಇವರು ನಿಮಗೇನಾಗಬೇಕು?’ ಎನ್ನುತ್ತಿದ್ದೆ. ಒಬ್ಬರು ಎಷ್ಟೋ ಹೊತ್ತು ತಡವರಿಸಿ ‘ಫ್ರೆಂಡ್’ ಎಂದರು, ಪಕ್ಕದಲ್ಲಿದ್ದವರು ತಲೆ ತಗ್ಗಿಸಿ ಹೊರಗೆ ಹೋದರು. ಈಗ ಕೇಳುವುದು, ‘ನಿಮ್ಮ ಜೊತೆ ಯಾರಿದ್ರೆ ಒಳ್ಳೇದು?’