ಲೈಸೆನ್ಸ್ ಕೀ ಕೆಲಸ ಮಾಡದಿದ್ದಾಗ ಹೊಸದನ್ನು ಕೊಳ್ಳುವ ಮೊದಲು

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ಮದರ್‌ಬೋರ್ಡ್ ಬದಲಿಸಿಕೊಂಡು ಬಂದ ಕಂಪ್ಯೂಟರನ್ನು ಮನೆಯಲ್ಲಿ ಚಾಲೂ ಮಾಡಿದಾಗ, ಅದುವರೆಗೆ ಸರಿಯಾಗಿದ್ದ ವಿಂಡೋಸ್ ಆಕ್ಟಿವೇಟ್ ಆಗಿಲ್ಲವೆಂದು, ಅಂದರೆ ಅದರ ಲೈಸೆನ್ಸ್ ದೃಢಪಟ್ಟಿಲ್ಲವೆಂದು, ತೋರಿಸಿದರೆ, ಕೂಡಲೇ ಹೊಸ ಕೀ (ಲೈಸೆನ್ಸ್ ದೃಢಪಡಿಸಲು ಟೈಪ್ ಮಾಡುವ ಅಕ್ಷರಸಾಲು) ಕೊಳ್ಳಲು ಹೋಗಬೇಡಿ. ಸೆಟ್ಟಿಂಗ್ಸ್‌ನಲ್ಲಿ ಆಕ್ಟಿವೇಶನ್ ಪುಟವನ್ನು ತೆರೆದು, ಅಲ್ಲಿರುವ ದೋಷಸಂಕೇತವನ್ನು ಬರೆದಿಟ್ಟುಕೊಳ್ಳಿ.

ಸಂಕೇತದ ಕೊನೆಯಲ್ಲಿ ಎಫ್211 ಎಂದಿದ್ದರೆ ಕೀ ಕೆಟ್ಟಿಲ್ಲ, ಯಂತ್ರದ ಗುರುತು ಬದಲಾಗಿದೆ ಎಂದರ್ಥ. ವಿಂಡೋಸ್ 10 ಮತ್ತು 11ರ ಡಿಜಿಟಲ್ ಲೈಸೆನ್ಸ್ (ಕೀ ಟೈಪ್ ಮಾಡದೆಯೇ ಕೆಲಸ ಮಾಡುವ ಲೈಸೆನ್ಸ್) ಯಂತ್ರದ ಹಾರ್ಡ್‌ವೇರ್‌ಗೆ, ಅದರಲ್ಲೂ ಮುಖ್ಯವಾಗಿ ಮದರ್‌ಬೋರ್ಡ್‌ಗೆ, ಅಂಟಿಕೊಂಡಿರುತ್ತದೆ. ಅದನ್ನು ಮೊದಲೇ ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿದ್ದರೆ, ಅದೇ ಪುಟದ ಟ್ರಬಲ್‌ಶೂಟ್ ಒತ್ತಿ, ಇತ್ತೀಚೆಗೆ ಹಾರ್ಡ್‌ವೇರ್ ಬದಲಿಸಿದ್ದಾಗಿ ತಿಳಿಸುವ ಆಯ್ಕೆಯ ಮೂಲಕ ಆ ಖಾತೆಗೆ ಲಾಗಿನ್ ಆಗಿ, ಪಟ್ಟಿಯಲ್ಲಿ ನಿಮ್ಮ ಕಂಪ್ಯೂಟರನ್ನು ಗುರುತಿಸಬಹುದು. ಪ್ರತ್ಯೇಕವಾಗಿ ಕೊಂಡ ರಿಟೇಲ್ ಲೈಸೆನ್ಸ್ ಹೀಗೆ ಹೊಸ ಬೋರ್ಡಿಗೆ ಬರುತ್ತದೆ. ಯಂತ್ರದ ಜೊತೆಗೇ ಬಂದ ಓಇಎಂ ಲೈಸೆನ್ಸ್ ಸಾಮಾನ್ಯವಾಗಿ ಬರುವುದಿಲ್ಲ. ಆದ್ದರಿಂದ ದುರಸ್ತಿಗೆ ಕೊಡುವ ಮುನ್ನವೇ ಖಾತೆಗೆ ಜೋಡಿಸುವುದನ್ನು ದಯವಿಟ್ಟು ಮರೆಯಬೇಡಿ. ಐದು ನಿಮಿಷದ ಈ ಕೆಲಸ ಬಿಟ್ಟುಹೋದದ್ದರಿಂದ ಹಣ ಕಳೆದುಕೊಂಡವರನ್ನು ಕಂಡು ನನಗೆ ನಿಜಕ್ಕೂ ಬೇಸರವಾಗಿದೆ.

ಕೀಯನ್ನೇ ಟೈಪ್ ಮಾಡಬೇಕಾದಾಗ, 25 ಅಕ್ಷರಗಳು ಐದೈದರ ಗುಂಪುಗಳಲ್ಲಿರುವುದನ್ನು ಎಣಿಸಿ ನೋಡಿ. ಇತ್ತೀಚಿನ ವಿಂಡೋಸ್ ಕೀಗಳಲ್ಲಿ ಸೊನ್ನೆ, 1, 5 ಎಂಬ ಅಂಕಿಗಳಾಗಲಿ, ಇಂಗ್ಲಿಷಿನ ಐದು ಸ್ವರಾಕ್ಷರಗಳಾಗಲಿ ಇರುವುದಿಲ್ಲವಾದ್ದರಿಂದ, ಸೊನ್ನೆಯಂತೆ ಕಂಡದ್ದು ಬಹುತೇಕ ಡಿ ಅಥವಾ ಕ್ಯೂ ಆಗಿರುತ್ತದೆ. 8 ಮತ್ತು ಬಿ ಮಾತ್ರ ಎರಡೂ ಬರುತ್ತವೆ. ಅಲ್ಲಿ ಕಣ್ಣಿಟ್ಟು ನೋಡಬೇಕು. ಪ್ರೊ ಆವೃತ್ತಿಯ ಕೀ ಹೋಮ್ ಆವೃತ್ತಿಯನ್ನು ಹಾಗೆಯೇ ಆಕ್ಟಿವೇಟ್ ಮಾಡುವುದಿಲ್ಲ. ಮೊದಲು ಆವೃತ್ತಿಯನ್ನು ಪ್ರೊಗೆ ಏರಿಸಬೇಕಾಗುತ್ತದೆ.

ವೈಟ್‌ಫೀಲ್ಡ್ ಅಥವಾ ಎಲೆಕ್ಟ್ರಾನಿಕ್ ಸಿಟಿಯ ಕಚೇರಿ ಕೊಟ್ಟ ಲ್ಯಾಪ್‌ಟಾಪನ್ನು ತಿಂಗಳುಗಟ್ಟಲೆ ಮನೆಯಿಂದಲೇ ಬಳಸುತ್ತಿರುವವರಿಗೆ ಎಫ್074 ಎಂದು ಕೊನೆಗೊಳ್ಳುವ ಸಂಕೇತ ಕಾಣಬಹುದು. ಕಚೇರಿಯ ಯಂತ್ರಗಳನ್ನೆಲ್ಲ ಒಂದೆಡೆಯಿಂದ ಆಕ್ಟಿವೇಟ್ ಮಾಡುವ ಕೆಎಂಎಸ್ ಸರ್ವರ್ ಕೊಡುವ ಆಕ್ಟಿವೇಶನ್ 180 ದಿನಗಳಷ್ಟೇ ಬಾಳುತ್ತದೆ. ಯಂತ್ರವು ಏಳು ದಿನಕ್ಕೊಮ್ಮೆ ಅದನ್ನು ನವೀಕರಿಸಲು ಯತ್ನಿಸಿದರೂ ಕಚೇರಿಯ ಜಾಲ ಸಿಗದೆ ಸೋಲುತ್ತದೆ. ಇಲ್ಲಿ ವಿಪಿಎನ್ (ಮನೆಯಿಂದ ಕಚೇರಿಯ ಜಾಲಕ್ಕೆ ಸೇರಿಸುವ ಸುರಕ್ಷಿತ ಸಂಪರ್ಕ) ಜೋಡಿಸಿ ಮತ್ತೆ ಯತ್ನಿಸಬೇಕೇ ಹೊರತು, ಸ್ವಂತ ಕೀ ಹಾಕಬಾರದು.

ಗಡಿಯಾರವೂ ಕಾರಣವಾಗಬಹುದು. ಹಳೆಯ ಡೆಸ್ಕ್‌ಟಾಪಿನ ಬೋರ್ಡಿನ ಮೇಲಿರುವ ಗುಂಡು ಬ್ಯಾಟರಿ ಸತ್ತರೆ ದಿನಾಂಕ ವರ್ಷಗಟ್ಟಲೆ ಹಿಂದೆ ಹೋಗಿ, ಮೈಕ್ರೋಸಾಫ್ಟ್ ಸರ್ವರಿನೊಂದಿಗಿನ ಸುರಕ್ಷಿತ ಸಂಪರ್ಕವೇ ಏರ್ಪಡುವುದಿಲ್ಲ. ಬ್ಯಾಟರಿ ಬದಲಿಸಿ, ದಿನಾಂಕ, ವೇಳೆ ಮತ್ತು ಭಾರತೀಯ ಕಾಲವಲಯವನ್ನು ಸರಿಪಡಿಸಿದ ಮೇಲೆ ಹಳೆಯ ಕೀಯನ್ನೇ ಇನ್ನೊಮ್ಮೆ ಹಾಕಿ ನೋಡಿ.